ಲಿನಕ್ಸ್ ಹಳಿಯ ಮೇಲೆ ಕಂಪ್ಯೂಟರ್ ಆಟಗಳು

ಅರಸೀಕೆರೆಯ ರೈಲು ನಿಲ್ದಾಣವನ್ನು ನೋಡದವರು ನಮ್ಮ ಸೀಮೆಯಲ್ಲಿ ವಿರಳ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಗೆ ಮೈಸೂರು, ಹಾಸನಗಳ ಕಡೆಯ ದಾರಿ ಬಂದು ಕೂಡುವ ಸ್ಥಳ ಅದು. ಕಣಕಟ್ಟೆಯ ಕಡೆಯವರಾದ ನಾವು ದೂರದ ಊರಿಗೆ ಹೊರಟರೆ ಮೊದಲು ಅಲ್ಲಿ ಗಾಡಿಗೆ ಕಾಯಬೇಕು. ಐವತ್ತು ದಾಟಿದವರಿಗೆ ಅಲ್ಲಿ ಮೀಟರ್ ಗೇಜ್ ಹಳಿಗಳಿದ್ದ ಕಾಲ ಇನ್ನೂ ನೆನಪಿರುತ್ತದೆ. ಎರಡು ಹಳಿಗಳ ನಡುವಣ ಅಂತರ ಒಂದು ಮೀಟರು. ಮದರಾಸಿನಿಂದ ಬೆಂಗಳೂರಿಗೆ ಬರುತ್ತಿದ್ದ ಬ್ರಾಡ್ ಗೇಜ್ ದಾರಿಯಲ್ಲಾದರೋ ಆ ಅಂತರ ೧೬೭೬ ಮಿಲಿಮೀಟರು. ಗಾಡಿ ಎಷ್ಟೇ ಗಟ್ಟಿಯಾಗಿರಲಿ, ಎಂಜಿನ್ನು ಎಷ್ಟೇ ಬಲವಾಗಿರಲಿ, ಆ ದಾರಿಯ ಗಾಡಿ ಬೆಂಗಳೂರನ್ನು ದಾಟಿ ಅರಸೀಕೆರೆಗೆ ಬರುವಂತಿರಲಿಲ್ಲ. ಸಾಮಾನನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಗಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ದಾರಿಯೂ ಬ್ರಾಡ್ ಗೇಜ್ ಆಯಿತು, ತೊಡಕು ತೀರಿತು.

ಈ ಹಳೆಯ ಸಂಗತಿಯನ್ನು ಈಗ ಎತ್ತಿದ್ದೇಕೆಂದು ನೀವು ಕೇಳಬಹುದು. ಕೆಲವು ತಿಂಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನ ತಂದೆ, ಕೊಬ್ಬರಿ ವ್ಯಾಪಾರದವರು, ಒಂದು ಪ್ರಶ್ನೆ ಹಿಡಿದು ನನ್ನಲ್ಲಿಗೆ ಬಂದರು.

“ಮೇಷ್ಟ್ರೇ, ಮನೇಲಿ ಒಂಬತ್ತು ವರ್ಷದ ಕಂಪ್ಯೂಟರ್ ಒಂದಿದೆ. ವಿಂಡೋಸ್ ಹತ್ತಕ್ಕೆ ಇನ್ನು ಕಂಪನಿಯ ಆಸರೆ ಇಲ್ಲ, ಹನ್ನೊಂದು ಇದರಲ್ಲಿ ಕೂರೋದಿಲ್ಲ ಅಂತ ಅಂಗಡಿಯವರು ಲಿನಕ್ಸ್ ಹಾಕಿ ಕೊಟ್ಟರು. ಲೆಕ್ಕಪತ್ರ, ಕಾಗದ ಬರೆಯೋದು ಎಲ್ಲಾ ಚೆನ್ನಾಗೇ ನಡೀತದೆ. ಆದರೆ ಹುಡುಗ ಹಬ್ಬಕ್ಕೆ ಕೊಟ್ಟ ದುಡ್ಡು ಕೂಡಿಟ್ಟು ಒಂದು ಆಟ ಕೊಂಡಿದ್ದ. ಅದು ವಿಂಡೋಸಿಗೆ ಮಾಡಿದ್ದು, ಇದರಲ್ಲಿ ಓಡೋದಿಲ್ಲ ಅಂತ ಮುಖ ಊದಿಸಿಕೊಂಡು ಕೂತಿದ್ದಾನೆ. ದುಡ್ಡು ಕೊಟ್ಟು ಕೊಂಡದ್ದು ಹೋದ ಹಾಗೇನಾ?”

ನನ್ನದು ಕನ್ನಡ ಪಂಡಿತರ ಓದು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದೆಂದು ತೋರಿತು. ಬೆಂಗಳೂರಿನಲ್ಲಿ ಈ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಸಿಕ್ಕಿದ್ದನ್ನು ಓದಿ, ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ಹೇಳುತ್ತಿರುವುದು ಬೆಲೆ ಕೊಟ್ಟು ಕೊಂಡು ಆಡುವ ಆಟಗಳ ವಿಷಯ. ಪಣ ಕಟ್ಟಿ ಆಡುವ ಆಟಗಳ ಮಾತಲ್ಲ.

ಮೊದಲು ಹಳಿಯ ವಿಚಾರ. ಕಂಪ್ಯೂಟರಿನ ಪರದೆ, ಕೀಲಿಮಣೆ, ಧ್ವನಿ, ಕಡತಗಳನ್ನಿಡುವ ಡಿಸ್ಕು ಇವನ್ನೆಲ್ಲ ನೋಡಿಕೊಂಡು, ಬಂದ ಕಾರ್ಯಕ್ರಮಗಳಿಗೆ ಬೇಕಾದ ಅನುಕೂಲ ಒದಗಿಸುವ ತಳಹದಿಯ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಅಂಥದೊಂದು, ಲಿನಕ್ಸ್ ಇನ್ನೊಂದು. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ಇಪ್ಪತ್ತೊಂದು ವರ್ಷದ ತರುಣ ಲಿನಕ್ಸಿನ ತಿರುಳನ್ನು ಬರೆದು ಲೋಕದ ಮುಂದಿಟ್ಟ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಸಾರಿದ್ದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಕೂಡಿಕೊಂಡುವು. ಪ್ರೋಗ್ರಾಮನ್ನು ಬರೆದವರ ಕೈಯ ಮೂಲ ಬರಹಕ್ಕೆ ಸೋರ್ಸ್ ಕೋಡ್ ಎನ್ನುತ್ತಾರೆ. ನಾನು ಅದನ್ನು ಮೂಲಪಾಠ ಎಂದು ಕರೆಯುತ್ತೇನೆ. ಲಿನಕ್ಸಿನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಾಟನ್ನು ಬಚ್ಚಿಡಕೂಡದು. ಇದೇ ಅದರ ಕಟ್ಟಳೆ.

ನಮ್ಮ ದೇಶದಲ್ಲಿ ೧೯೯೬ರಲ್ಲಿ ಪಿಸಿ ಕ್ವೆಸ್ಟ್ ಎಂಬ ಮಾಸಪತ್ರಿಕೆಯು ಲಿನಕ್ಸನ್ನು ಸಿ.ಡಿ.ಯಲ್ಲಿ ತುಂಬಿ ಓದುಗರಿಗೆ ಕೊಟ್ಟಿತು. ಆ ಉದ್ಯಮದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅವರೂ ಅವರ ಮಿತ್ರರೂ ೨೦೦೧ರಿಂದ ನಡೆಸಿದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನಕ್ಕೆ ದೇಶ ವಿದೇಶಗಳ ತಜ್ಞರು ಬರುತ್ತಿದ್ದರು. ಹೀಗೆ ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಡಲಲ್ಲಿಯೂ ಲಿನಕ್ಸಿನ ತಿರುಳೇ ಇದೆ. ಆದರೆ ಮನೆಯ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿದವರಿಗೆ ಬಹುಕಾಲ ಒಂದು ಕೊರತೆ ಉಳಿದೇ ಇತ್ತು. ಪೇಟೆಯಲ್ಲಿ ಮಾರುವ ಆಟಗಳು ಅವರ ಹಳಿಯ ಮೇಲೆ ಓಡುತ್ತಿರಲಿಲ್ಲ.

ಏಕೆ ಓಡುತ್ತಿರಲಿಲ್ಲ? ಆಟದ ಕಾರ್ಯಕ್ರಮದಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಮೊದಲನೆಯದು ಪ್ರೊಸೆಸರಿಗೆ ಹೇಳುವ ಮಾತು: ಈ ಎರಡು ಅಂಕಿಗಳನ್ನು ಕೂಡು, ಇದು ಅದಕ್ಕಿಂತ ದೊಡ್ಡದಾದರೆ ಆ ಕಡೆಗೆ ಹೋಗು, ಎಂಬಂಥವು. ಪ್ರೊಸೆಸರ್ ಒಂದೇ ಜಾತಿಯದಾದರೆ ಈ ಮಾತು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಒಂದೇ. ಎರಡನೆಯದು ಕಾರ್ಯಾಚರಣ ವ್ಯವಸ್ಥೆಯ ಮುಂದೆ ಇಡುವ ಬೇಡಿಕೆ: ಪರದೆಯಲ್ಲಿ ಒಂದು ಕಿಟಕಿ ತೆರೆ, ಈ ಕಡತವನ್ನು ತೆಗೆದುಕೊಡು, ಈ ಸದ್ದು ಹೊರಡಿಸು, ಈ ಆಕೃತಿಗೆ ಬಣ್ಣ ತುಂಬಿ ಚಿತ್ರ ಬರೆ, ಎಂಬಂಥವು. ತೊಡಕೆಲ್ಲ ಇರುವುದು ಈ ಬೇಡಿಕೆಗಳಲ್ಲಿ. ವಿಂಡೋಸಿನಲ್ಲಿ ಚಿತ್ರಕ್ಕೆ ಸಂಬಂಧಿಸಿದ ಬೇಡಿಕೆಗಳು ಡೈರೆಕ್ಟ್ ಎಕ್ಸ್ ಎಂಬ ಪರಿಭಾಷೆಯಲ್ಲಿರುತ್ತವೆ. ಲಿನಕ್ಸಿಗೆ ಆ ಪರಿಭಾಷೆ ತಿಳಿಯದು. ಅದು ಬಲ್ಲದ್ದು ಓಪನ್ ಜಿಎಲ್ ಎಂಬುದನ್ನು. ೨೦೧೬ರಿಂದ ಈಚೆಗೆ ವಲ್ಕನ್ ಎಂಬುದನ್ನು.

ಸಣ್ಣ ಸಣ್ಣ ವ್ಯತ್ಯಾಸಗಳೂ ಕಾಡುತ್ತವೆ. ಕಡತದ ಹೆಸರನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದರೂ ಚಿಕ್ಕ ಅಕ್ಷರದಲ್ಲಿ ಬರೆದರೂ ವಿಂಡೋಸ್ ಒಂದೇ ಎಂದು ತಿಳಿದು ತೆಗೆದುಕೊಡುತ್ತದೆ. ಲಿನಕ್ಸ್ ಹಾಗಲ್ಲ. ನಮ್ಮ ಹಳ್ಳಿಗಳಲ್ಲಿ ‘ಹಾಲು’ ಎನ್ನುವುದಕ್ಕೆ ‘ಆಲು’ ಎಂದರೂ ಅಂಗಡಿಯವನು ಹಾಲನ್ನೇ ಕೊಡುತ್ತಾನೆ. ತರಗತಿಯಲ್ಲಿ ಹಾಗೆ ಬರೆದರೆ ಪಂಡಿತನು ತಪ್ಪು ಹಾಕುತ್ತಾನೆ. ಲಿನಕ್ಸ್ ಈ ವಿಷಯದಲ್ಲಿ ಪಂಡಿತನ ಹಾಗೆ. ವಿಂಡೋಸಿನಲ್ಲಿ ವರ್ಷಗಟ್ಟಲೆ ಸಲೀಸಾಗಿ ನಡೆದ ಆಟ ಇಂಥ ಒಂದು ಅಕ್ಷರಕ್ಕಾಗಿ ಇಲ್ಲಿ ಮುಗ್ಗರಿಸಿದ್ದುಂಟು.

ಈ ತೊಡಕನ್ನು ನೀಗಲು ಎರಡು ಮಾರ್ಗಗಳಿವೆ. ಒಂದು, ಗಾಡಿಯ ಚಕ್ರಗಳನ್ನೇ ಬದಲಿಸುವುದು. ಎಂದರೆ ಆಟದ ಮೂಲಪಾಠವನ್ನು ತೆಗೆದುಕೊಂಡು, ಬೇಡಿಕೆಗಳಿರುವ ಕಡೆಗಳಲ್ಲೆಲ್ಲ ತಿದ್ದಿ, ಲಿನಕ್ಸಿಗೆ ಒಪ್ಪುವ ಹಾಗೆ ಹೊಸದಾಗಿ ಕಟ್ಟುವುದು. ಇದನ್ನು ಆ ವೃತ್ತಿಯವರು ಪೋರ್ಟ್ ಮಾಡುವುದು ಎನ್ನುತ್ತಾರೆ, ರೂಪಾಂತರವೆಂದರೆ ಸಲ್ಲುತ್ತದೆ. ಇನ್ನೊಂದು, ಗಾಡಿಯನ್ನು ಮುಟ್ಟದೆ ಹಳಿಯ ಕಡೆ ಕೆಲಸ ಮಾಡುವುದು. ಬ್ರಾಡ್ ಗೇಜಿನ ಎರಡು ಹಳಿಗಳ ನಡುವೆ ಮೂರನೆಯ ಹಳಿಯೊಂದನ್ನು ಹಾಸಿದರೆ ಎರಡು ಅಳತೆಯ ಗಾಡಿಗಳೂ ಒಂದೇ ದಾರಿಯಲ್ಲಿ ಓಡಬಲ್ಲವಷ್ಟೆ. ಹಾಗೆಯೇ ವಿಂಡೋಸಿನ ಬೇಡಿಕೆಗಳನ್ನು ಕೇಳಿಸಿಕೊಂಡು ಲಿನಕ್ಸಿನ ಬೇಡಿಕೆಗಳನ್ನಾಗಿ ಮಾಡಿಕೊಡುವ ಒಂದು ನಡುವಣ ಪದರವನ್ನು ಕಟ್ಟಿದರೆ, ಆಟ ತನಗೆ ತಿಳಿಯದೆಯೇ ಲಿನಕ್ಸಿನ ಮೇಲೆ ಓಡುತ್ತದೆ. ಮೂವತ್ತು ವರ್ಷಗಳ ಕಥೆಯೆಲ್ಲ ಈ ಎರಡು ಮಾರ್ಗಗಳ ಕಥೆಯೇ.

ಮೊದಲ ಮಾರ್ಗವನ್ನು ಮೊದಲು ನೋಡೋಣ. ೧೯೯೩ರ ಡಿಸೆಂಬರಿನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಡೂಮ್ ಎಂಬ ಪ್ರಸಿದ್ಧ ಆಟವನ್ನು ಹೊರತಂದಿತು. ಆ ಸಂಸ್ಥೆಯಲ್ಲಿದ್ದ ಡೇವ್ ಟೇಲರ್ ೧೯೯೪ರಲ್ಲಿ ಅದನ್ನು ಲಿನಕ್ಸಿಗೆ ರೂಪಾಂತರಿಸಿದರು. ಅದು ಒಬ್ಬರ ಆಸಕ್ತಿಯ ಫಲ. ಇದನ್ನೇ ವ್ಯಾಪಾರವಾಗಿ ಹಿಡಿದವರು ಸ್ಕಾಟ್ ಡ್ರೇಕರ್ ಎಂಬ ವಕೀಲರು. ೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಅವರು ಲೋಕಿ ಎಂಬ ಸಂಸ್ಥೆಯನ್ನು ತೆರೆದರು. ಬೇರೆ ಸಂಸ್ಥೆಗಳ ಆಟಗಳ ಹಕ್ಕು ಪಡೆದು, ಲಿನಕ್ಸಿಗೆ ರೂಪಾಂತರಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವುದು ಅವರ ಉದ್ಯೋಗ. ೧೯೯೯ರಲ್ಲಿ ಸಿವಿಲೈಸೇಷನ್ ಕಾಲ್ ಟು ಪವರ್ ಎಂಬ ಆಟದಿಂದ ಆರಂಭವಾಯಿತು. ರೈಲು ದಾರಿ ಕಟ್ಟಿ ನಡೆಸುವ ರೈಲ್‌ರೋಡ್ ಟೈಕೂನ್ ಎರಡನೆಯ ಭಾಗವೂ, ಕ್ವೇಕ್ ಮೂರನೆಯ ಭಾಗವೂ ಅವರ ಕೈಯಿಂದ ಬಂದುವು.

ಈ ಕೆಲಸ ಎಷ್ಟು ನಾಜೂಕಿನದೆಂಬುದು ಬೆಂಗಳೂರಿನವರಿಗೂ ತಿಳಿದಿತ್ತು. ರಾಜೇಶ್ ರಾವ್ ಅವರು ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದು. ಅವರಿಗೆ ಆರಂಭದಲ್ಲೇ ದೊರೆತ ದೊಡ್ಡ ಕೆಲಸ, ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಗಾಗಿ ಮಿಷನ್ ಇಂಪಾಸಿಬಲ್ ಆಟದ ಕಂಪ್ಯೂಟರ್ ರೂಪವನ್ನು ಸಿದ್ಧಪಡಿಸುವುದು. ಆ ಬಳಿಕ ಹೊರದೇಶಗಳ ಅನೇಕ ದೊಡ್ಡ ಆಟಗಳ ಚಿತ್ರಕೆಲಸ ಬೆಂಗಳೂರಿನ ಕೈಗಳಲ್ಲಿ ಆಯಿತು. ೨೦೧೯ರಲ್ಲಿ ಧ್ರುವವನ್ನು ರಾಕ್‌ಸ್ಟಾರ್ ಎಂಬ ಹೆಸರಾಂತ ಸಂಸ್ಥೆ ಕೊಂಡಿತು. ಒಂದು ಆಟವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವುದೆಂದರೆ ನಕಲು ತೆಗೆಯುವುದಲ್ಲ, ಮತ್ತೊಮ್ಮೆ ಕಟ್ಟುವುದು. ಸಂಸ್ಕೃತದ ನಾಟಕವನ್ನು ಕನ್ನಡದಲ್ಲಿ ಆಡಿಸಬೇಕಾದರೆ ಪದಕ್ಕೆ ಪದವಿಟ್ಟರೆ ಸಾಲದು. ಛಂದಸ್ಸು, ಹಾಡು, ಹಾಸ್ಯ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಇದೂ ಹಾಗೆಯೇ.

ಲೋಕಿ ಸಂಸ್ಥೆ ಬಾಳಲಿಲ್ಲ. ಲಿನಕ್ಸ್ ಬಳಸುವವರು ಆಗ ಕೆಲವರೇ. ಅವರಲ್ಲಿ ಹಲವರ ಕಂಪ್ಯೂಟರಿನಲ್ಲಿ ವಿಂಡೋಸೂ ಇರುತ್ತಿತ್ತು. ಲಿನಕ್ಸಿನ ರೂಪ ಬರುವಷ್ಟರಲ್ಲಿ ಅದೇ ಆಟವನ್ನು ಅವರು ವಿಂಡೋಸಿನಲ್ಲಿ ಆಡಿ ಮುಗಿಸಿರುತ್ತಿದ್ದರು. ೨೦೦೨ರ ಜನವರಿಯಲ್ಲಿ ಸಂಸ್ಥೆ ಬಾಗಿಲು ಹಾಕಿತು. ಅವರು ರೂಪಾಂತರಿಸಿದ ಆಟಗಳಲ್ಲಿ ಹೆಚ್ಚಿನವುಗಳ ಮೂಲಪಾಠ ಹೊರಬರಲಿಲ್ಲ. ಅದು ಮೂಲ ಒಡೆಯರ ಸ್ವತ್ತು. ಕಾಲ ಸರಿದಂತೆ ಲಿನಕ್ಸ್ ಬದಲಾಯಿತು; ತಿದ್ದುವವರಿಲ್ಲದೆ ಆ ಆಟಗಳು ಹೊಸ ಲಿನಕ್ಸಿನ ಮೇಲೆ ನಡೆಯುವುದೇ ಕಷ್ಟವಾಯಿತು. ಹಣ ಕೊಟ್ಟು ಕೊಂಡವರ ಮನೆಯಲ್ಲಿ ಪೆಟ್ಟಿಗೆ ಉಳಿಯಿತು.

ಆದರೆ ಲೋಕಿಯ ಮನೆಯಿಂದ ಒಂದು ವಸ್ತು ಹೊರಬಂದು ಇಂದಿಗೂ ಬಾಳುತ್ತಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಸ್ಯಾಮ್ ಲಾಂಟಿಂಗಾ ೧೯೯೮ರಲ್ಲಿ ಎಸ್‌ಡಿಎಲ್ ಎಂಬ ಒಂದು ಉಪಕರಣವನ್ನು ರಚಿಸಿದ್ದರು. ಕಿಟಕಿ ತೆರೆಯುವುದು, ಕೀಲಿಯ ಒತ್ತನ್ನು ಅರಿಯುವುದು, ಸದ್ದು ಹೊರಡಿಸುವುದು ಮೊದಲಾದ ಬೇಡಿಕೆಗಳನ್ನು ಎಲ್ಲ ವ್ಯವಸ್ಥೆಗಳಿಗೂ ಒಪ್ಪುವ ಒಂದೇ ರೀತಿಯಲ್ಲಿ ಇಡಲು ಅದು ನೆರವಾಗುತ್ತದೆ. ಅದರ ಮೂಲಪಾಠ ತೆರೆದದ್ದು. ಸಂಸ್ಥೆ ಮುಳುಗಿದರೂ ಅದು ಮುಳುಗಲಿಲ್ಲ. ಇಂದು ಪೇಟೆಯಲ್ಲಿರುವ ಅಸಂಖ್ಯಾತ ಆಟಗಳ ಒಳಗೆ ಅದು ಕೆಲಸ ಮಾಡುತ್ತಿದೆ. ಡೂಮ್ ಆಟದ ಗತಿಯೂ ಇಂಥದೇ. ಅದರ ಮೂಲಪಾಠವನ್ನು ೧೯೯೭ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ್ದರಿಂದ, ಆ ಬಳಿಕ ಹುಟ್ಟಿದ ಯಂತ್ರಗಳಲ್ಲೆಲ್ಲ ಅದನ್ನು ಓಡಿಸಿದವರುಂಟು. ಒಬ್ಬರ ಪೆಟ್ಟಿಗೆಯಲ್ಲಿ ಮುಚ್ಚಿಟ್ಟದ್ದು ಆ ಒಬ್ಬರೊಡನೆ ಹೋಯಿತು. ಎಲ್ಲರ ಕೈಗೆ ಬಂದದ್ದು ಉಳಿಯಿತು. ಇದನ್ನು ನೆನಪಿನಲ್ಲಿಡಿ.

ಇನ್ನು ಎರಡನೆಯ ಮಾರ್ಗ, ಮೂರನೆಯ ಹಳಿಯದು. ೧೯೯೩ರಲ್ಲಿ ಕೆಲವರು ವೈನ್ ಎಂಬ ಪದರವನ್ನು ಕಟ್ಟಲು ತೊಡಗಿದರು. ೧೯೯೪ರಿಂದ ಅದರ ಮುಂದಾಳುತನ ವಹಿಸಿದವರು ಅಲೆಕ್ಸಾಂಡರ್ ಜೂಲಿಯಾರ್. ವೈನ್ ಇನ್ನೊಂದು ಯಂತ್ರವನ್ನು ನಟಿಸುವುದಿಲ್ಲ. ಪ್ರೊಸೆಸರಿಗೆ ಹೇಳುವ ಮಾತು ನೇರವಾಗಿ ಹೋಗುತ್ತದೆ. ಬೇಡಿಕೆಯ ಮಾತನ್ನು ಮಾತ್ರ ವೈನ್ ತಡೆದು, ಲಿನಕ್ಸಿನ ಮಾತಿಗೆ ತಿರುಗಿಸಿ ಕೊಡುತ್ತದೆ. ಹಿಂದೆ ಕೋರ್ಟುಗಳಲ್ಲಿ ದುಭಾಷಿ ನಿಲ್ಲುತ್ತಿದ್ದಂತೆ. ಆದರೆ ವಿಂಡೋಸಿನ ಬೇಡಿಕೆಗಳು ಸಾವಿರಾರು, ವಿಂಡೋಸಿನ ಮೂಲಪಾಠವೋ ಮುಚ್ಚಿದ್ದು. ಹೊರಗಿನಿಂದ ಗಮನಿಸಿ, ಪರೀಕ್ಷಿಸಿ, ಒಂದೊಂದಾಗಿ ಕಟ್ಟಬೇಕಾಯಿತು. ವೈನಿನ ಮೊದಲ ಪೂರ್ಣ ಆವೃತ್ತಿ ಹೊರಬಿದ್ದದ್ದು ೨೦೦೮ರ ಜೂನಿನಲ್ಲಿ, ಹದಿನೈದು ವರ್ಷಗಳ ದುಡಿಮೆಯ ಮೇಲೆ.

ಈ ನಡುವೆ ಲಿನಕ್ಸಿನವರು ಬಿಟ್ಟಿ ಬಯಸುವವರು, ಹಣ ಕೊಡುವವರಲ್ಲ, ಎಂಬ ಅಪವಾದವಿತ್ತು. ೨೦೧೦ರ ಮೇ ತಿಂಗಳಲ್ಲಿ ಹಂಬಲ್ ಇಂಡಿ ಬಂಡಲ್ ಎಂಬ ಹೆಸರಿನಲ್ಲಿ ಕೆಲವು ಆಟಗಳನ್ನು ‘ನಿಮಗೆ ತೋಚಿದಷ್ಟು ಕೊಡಿ’ ಎಂದು ಮಾರಿದರು. ಸರಾಸರಿಯಲ್ಲಿ ಅತಿ ಹೆಚ್ಚು ಕೊಟ್ಟವರು ಲಿನಕ್ಸಿನವರೇ. ಅಪವಾದ ಕಳೆಯಿತು.

ಆಟಗಳನ್ನು ಇಂಟರ್ನೆಟ್ಟಿನ ಮೂಲಕ ಮಾರುವ ಸ್ಟೀಮ್ ಎಂಬ ದೊಡ್ಡ ಅಂಗಡಿಯ ಒಡೆಯರು ವಾಲ್ವ್ ಸಂಸ್ಥೆಯವರು. ೨೦೧೨ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸಿನೊಳಗೆ ತನ್ನದೇ ಅಂಗಡಿ ತೆರೆದಾಗ, ಬೇರೆಯವರ ಹಳಿಯ ಮೇಲೆ ತಮ್ಮ ಗಾಡಿ ಓಡುತ್ತಿದೆಯಲ್ಲಾ ಎಂಬ ಚಿಂತೆ ವಾಲ್ವಿನ ಮುಖ್ಯಸ್ಥ ಗೇಬ್ ನ್ಯೂವೆಲ್ ಅವರಿಗೆ ಹುಟ್ಟಿತು. ೨೦೧೩ರ ಫೆಬ್ರವರಿಯಲ್ಲಿ ಸ್ಟೀಮ್ ಲಿನಕ್ಸಿಗೂ ಬಂದಿತು. ೨೦೧೫ರ ನವೆಂಬರಿನಲ್ಲಿ ಲಿನಕ್ಸ್ ತುಂಬಿದ ಸ್ಟೀಮ್ ಮಷೀನ್ ಎಂಬ ಯಂತ್ರಗಳು ಮಾರಾಟಕ್ಕೆ ಬಂದುವು. ಅವು ಸೋತುವು. ಯಂತ್ರವಿತ್ತು, ಆಟಗಳಿರಲಿಲ್ಲ, ಒಂದೊಂದು ಆಟವನ್ನೂ ಅದರ ಕರ್ತೃಗಳೇ ಲಿನಕ್ಸಿಗೆ ರೂಪಾಂತರಿಸಲೆಂದು ಕಾದು ಕುಳಿತರೆ ಆಗುವ ಕೆಲಸವಲ್ಲವೆಂದು ತಿಳಿಯಿತು.

ಬಿಗಿದಿದ್ದ ಗಂಟನ್ನು ಸಡಿಲಿಸಿದವರು ಒಬ್ಬ ಆಟಗಾರರೇ. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರಿಗೆ ನಿಯರ್ ಆಟೊಮಾಟಾ ಎಂಬ ಆಟವನ್ನು ಲಿನಕ್ಸಿನಲ್ಲಿ ಆಡಬೇಕೆಂಬ ಆಸೆ. ವೈನಿನಲ್ಲಿ ಅದರ ಚಿತ್ರಗಳು ಸರಿಯಾಗಿ ಮೂಡುತ್ತಿರಲಿಲ್ಲ. ಡೈರೆಕ್ಟ್ ಎಕ್ಸಿನ ಬೇಡಿಕೆಗಳನ್ನು ವಲ್ಕನ್ ಪರಿಭಾಷೆಗೆ ತಿರುಗಿಸುವ ಪದರವೊಂದನ್ನು ಅವರು ತಾವೇ ಬರೆಯತೊಡಗಿದರು. ೨೦೧೮ರ ಜನವರಿಯಲ್ಲಿ ಡಿಎಕ್ಸ್‌ವಿಕೆ ಎಂಬ ಹೆಸರಿನಲ್ಲಿ ಅದನ್ನು ಹೊರಬಿಟ್ಟರು. ವಾಲ್ವ್ ಅವರನ್ನು ತನ್ನ ಕೆಲಸಕ್ಕೆ ಕರೆದುಕೊಂಡಿತು. ವೈನ್, ಡಿಎಕ್ಸ್‌ವಿಕೆ ಮತ್ತು ಇತರ ಸಣ್ಣ ಪದರಗಳನ್ನು ಒಂದುಗೂಡಿಸಿ ೨೦೧೮ರ ಆಗಸ್ಟ್ ೨೧ರಂದು ಪ್ರೋಟಾನ್ ಎಂಬುದನ್ನು ಪ್ರಕಟಿಸಿದರು. ಅಂದು ಪರೀಕ್ಷಿಸಿ ಒಪ್ಪಿದ ಆಟಗಳು ೨೭. ಇಂದು ಸಾವಿರ ಸಾವಿರ ಆಟಗಳು ಆ ಹಳಿಯ ಮೇಲೆ ಓಡುತ್ತಿವೆ. ೨೦೨೨ರ ಫೆಬ್ರವರಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಯಂತ್ರ ಹೊರಬಂದು ಗೆದ್ದಿತು. ಅದರಲ್ಲಿ ಓಡುವ ಆಟಗಳಲ್ಲಿ ಬಹುಪಾಲು ವಿಂಡೋಸಿಗೆ ಮಾಡಿದವೇ. ಸ್ಟೀಮಿನ ಗಣತಿಯಲ್ಲಿ ೨೦೨೫ರ ಅಕ್ಟೋಬರಿನಲ್ಲಿ ಲಿನಕ್ಸಿನವರ ಪಾಲು ನೂರಕ್ಕೆ ಮೂರನ್ನು ದಾಟಿತು. ಮೂರು ಅಲ್ಪವೇ ಸರಿ. ಆದರೆ ಪ್ರೋಟಾನ್ ಬಂದಾಗ ನೂರಕ್ಕೆ ಒಂದೂ ಇರಲಿಲ್ಲ.

ಕೈಯಲ್ಲಿ ಹಿಡಿಯುವ ಲಿನಕ್ಸ್ ಯಂತ್ರವೆಂದಾಗ ನಮ್ಮವರದೊಂದು ಪ್ರಯತ್ನ ನೆನಪಾಗುತ್ತದೆ. ಭಾರತೀಯ ವಿಜ್ಞಾನ ಮಂದಿರದ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮೊದಲಾದವರು ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ರಚಿಸಿ, ಜನಸಾಮಾನ್ಯರ ಕೈಗೆಟುಕುವ ಲಿನಕ್ಸ್ ಯಂತ್ರವೊಂದನ್ನು ಬೆಂಗಳೂರಿನಲ್ಲಿ ರೂಪಿಸಿದರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ ಮಾರಾಟಕ್ಕೆ ಬಂದಿತು. ಯಂತ್ರವನ್ನು ವಾಲಿಸಿದರೆ ಅರಿಯುವ ಸಾಧನ ಅದರಲ್ಲಿತ್ತು. ವಾಲಿಸುತ್ತ ಆಡುವ ಆಟವೂ ಇತ್ತು. ಇಂದು ಮೊಬೈಲಿನಲ್ಲಿ ಮಕ್ಕಳು ಹಾಗೆ ಆಡುವುದನ್ನು ನೀವು ನೋಡಿದ್ದೀರಿ. ಅದು ಬೆಂಗಳೂರಿನಲ್ಲಿ ಅಂದೇ ಆಗಿತ್ತು. ಆದರೂ ಸಿಂಪ್ಯೂಟರ್ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಕಾರಣಗಳು ಹಲವು. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಇಷ್ಟು: ಅದಕ್ಕೆ ಬೇಕಾದ ಕಾರ್ಯಕ್ರಮಗಳನ್ನೆಲ್ಲ ಅದಕ್ಕೆಂದೇ ಅಣಿಗೊಳಿಸಬೇಕಾಗಿತ್ತು. ಗಾಡಿ ಒಳ್ಳೆಯದಿತ್ತು, ಬೇರೆ ದಾರಿಗಳ ಸಾಮಾನು ಅದರ ದಾರಿಗೆ ಬಂದು ಸೇರುವ ಜಂಕ್ಷನ್ ಇರಲಿಲ್ಲ.

ಹಾಗಾದರೆ ಎಲ್ಲ ತೊಡಕೂ ತೀರಿತೆ? ಇಲ್ಲ. ಅನೇಕರು ಒಟ್ಟಿಗೆ ಇಂಟರ್ನೆಟ್ಟಿನಲ್ಲಿ ಆಡುವ ಆಟಗಳಲ್ಲಿ ಮೋಸವನ್ನು ತಡೆಯಲು ಕಾವಲು ತಂತ್ರಾಂಶಗಳಿರುತ್ತವೆ. ಅವುಗಳಲ್ಲಿ ಕೆಲವು ವಿಂಡೋಸಿನ ಗರ್ಭಗುಡಿಯೊಳಕ್ಕೇ ಹೋಗಿ ಕುಳಿತು ಕಾಯುವಂಥವು. ಅವಕ್ಕೆ ಮೂರನೆಯ ಹಳಿ ಸಾಲದು. ೨೦೨೧ರಲ್ಲಿ ಎರಡು ಪ್ರಸಿದ್ಧ ಕಾವಲು ತಂತ್ರಾಂಶಗಳವರು ಪ್ರೋಟಾನಿಗೆ ಅವಕಾಶ ಕೊಟ್ಟರು. ಆದರೆ ಬಾಗಿಲು ತೆರೆಯುವುದೂ ಬಿಡುವುದೂ ಆಯಾ ಆಟದವರ ಇಷ್ಟ. ಎಪೆಕ್ಸ್ ಲೆಜೆಂಡ್ಸ್ ಎಂಬ ಆಟ ಕೆಲವು ವರ್ಷ ಲಿನಕ್ಸಿನಲ್ಲಿ ಓಡಿತು. ಮೋಸಗಾರರಿಗೆ ಅದು ದಾರಿಯಾಗುತ್ತಿದೆಯೆಂದು ಹೇಳಿ ಅದರ ಕರ್ತೃಗಳು ೨೦೨೪ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ಮುಚ್ಚಿದರು. ಹಣ ಹಾಕಿದ್ದ ಲಿನಕ್ಸಿನವರು ಹೊರಗೆ ಉಳಿದರು.

ಇನ್ನೊಂದು 

ಆಕ್ಷೇಪಣೆಯೂ ಉಂಟು. ದುಭಾಷಿ ಇಷ್ಟು ಚೆನ್ನಾಗಿ ಕೆಲಸ ಮಾಡಿದರೆ ಲಿನಕ್ಸಿನ ಮಾತನ್ನು ಕಲಿಯುವವರಾರು? ಆಟ ಕಟ್ಟುವವರು ವಿಂಡೋಸಿಗೆ ಮಾತ್ರ ಕಟ್ಟಿ, ಉಳಿದದ್ದನ್ನು ಪ್ರೋಟಾನ್ ನೋಡಿಕೊಳ್ಳಲೆಂದು ಸುಮ್ಮನಾಗುತ್ತಾರೆ. ಮಾತಿನಲ್ಲಿ ಸತ್ಯವಿದೆ. ಆದರೆ ಕರ್ತೃಗಳು ಕೈಬಿಟ್ಟ ರೂಪಾಂತರಗಳು ಹೊಸ ಲಿನಕ್ಸಿನಲ್ಲಿ ನಿಂತುಹೋಗಿರುವಾಗ, ಅದೇ ಆಟದ ವಿಂಡೋಸ್ ರೂಪ ಪ್ರೋಟಾನಿನ ಮೇಲೆ ಸಲೀಸಾಗಿ ಓಡಿದ ಉದಾಹರಣೆಗಳೂ ಇವೆ. ನೂರು ಗಾಡಿಗಳ ಚಕ್ರವನ್ನು ನೂರು ಜನ ಬದಲಿಸಿ, ಒಬ್ಬೊಬ್ಬರಾಗಿ ಬಿಟ್ಟುಹೋಗುವುದಕ್ಕಿಂತ, ಹಳಿಯನ್ನು ಹಲವರು ಕೂಡಿ ಕಾಪಾಡುವುದು ಬಾಳಿಕೆಯ ದಾರಿ. ವೈನಿನ, ಪ್ರೋಟಾನಿನ ಮೂಲಪಾಠ ತೆರೆದಿದೆ. ನಾಳೆ ವಾಲ್ವ್ ಆಸಕ್ತಿ ಕಳೆದುಕೊಂಡರೂ ಆ ಕೆಲಸವನ್ನು ಇನ್ನೊಬ್ಬರು ಮುಂದುವರಿಸಬಹುದು. ಲೋಕಿಯ ಕಥೆ ಕಲಿಸಿದ ಪಾಠ ಇದೇ ಅಲ್ಲವೆ?

ಇನ್ನು ಗೃಹಸ್ಥರಿಗೆ ಉಪಯೋಗವಾಗುವ ಕೆಲವು ಮಾತು. ವಿಂಡೋಸ್ ಹತ್ತಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅನೇಕ ಮನೆಗಳ ಹಳೆಯ ಕಂಪ್ಯೂಟರುಗಳು ಲಿನಕ್ಸಿನ ಕಡೆ ತಿರುಗುತ್ತಿರುವುದು ಇದರಿಂದಲೇ. ಅಂಥ ಮನೆಯಲ್ಲಿ ಮಕ್ಕಳು ಆಟ ಕೊಳ್ಳಬೇಕೆಂದರೆ ಮೊದಲು ಮೂರು ಸಂಗತಿ ವಿಚಾರಿಸಿ. ಆಟಕ್ಕೆ ಲಿನಕ್ಸ್ ರೂಪವಿದೆಯೆ? ಇಲ್ಲದಿದ್ದರೆ ಪ್ರೋಟಾನಿನಲ್ಲಿ ಓಡಿಸಿದವರು ಏನು ಹೇಳಿದ್ದಾರೆ? ಇದನ್ನು ಪ್ರೋಟಾನ್ ಡಿಬಿ ಎಂಬ ಸಂಗ್ರಹದಲ್ಲಿ ನೋಡಬಹುದು. ಮೂರನೆಯದಾಗಿ, ಕಾವಲು ತಂತ್ರಾಂಶ ಬೇಡುವ ಆಟವೆ? ಇಷ್ಟಾಗಿಯೂ ಓಡದಿದ್ದರೆ, ಸ್ಟೀಮಿನಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಆಡಿದ ಹೊತ್ತು ಎರಡು ಗಂಟೆ ಮೀರಿರದಿದ್ದರೆ, ಹಣ ವಾಪಸು ಕೇಳಬಹುದು. ಹಣ ಉಳಿಸುವ ಆಸೆಯಿಂದ ಕಳ್ಳಪ್ರತಿಗೆ ಕೈ ಹಾಕಬೇಡಿ. ಅದು ತಪ್ಪು ಎಂಬುದು ಒಂದು ಮಾತು. ಅದರೊಡನೆ ಯಾವ ಕೇಡು ಮನೆ ಸೇರುವುದೋ ಹೇಳಲಾಗದು ಎಂಬುದು ಇನ್ನೊಂದು.

ಮತ್ತೊಂದು ವಿಷಯವನ್ನು ಮನೆಯ ಹಿರಿಯರು ತಿಳಿದಿರಬೇಕು. ಇಂಥ ಅಂಗಡಿಯಲ್ಲಿ ನಾವು ಕೊಳ್ಳುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. ೨೦೨೪ರ ಅಕ್ಟೋಬರಿನಿಂದ ಸ್ಟೀಮ್ ಈ ಮಾತನ್ನು ಹಣ ಕೊಡುವ ಮೊದಲೇ ತೋರಿಸುತ್ತಿದೆ. ಗಾಗ್ ಎಂಬ ಅಂಗಡಿಯವರು ಆಟವನ್ನು ಬೀಗವಿಲ್ಲದೆ ಕೊಡುತ್ತಾರೆ. ಕೊಂಡವರು ಅದರ ಪ್ರತಿಯನ್ನು ಇಳಿಸಿಕೊಂಡು ತಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ಆ ಆಟಗಳನ್ನೂ ಹೀರೋಯಿಕ್ ಎಂಬ ಸಹಾಯಕ ತಂತ್ರಾಂಶದ ಮೂಲಕ ಲಿನಕ್ಸಿನಲ್ಲಿ ಓಡಿಸಬಹುದು.

ಕನ್ನಡದವನಾಗಿ ಒಂದು ಮಾತು ಹೇಳದೆ ಮುಗಿಸಲಾರೆ. ಅನೇಕ ಆಟಗಳು ಅಕ್ಷರಗಳನ್ನು ಒಂದರ ಪಕ್ಕ ಒಂದಾಗಿ ಇಡುವುದನ್ನಷ್ಟೇ ಬಲ್ಲವು. ಇಂಗ್ಲಿಷಿಗೆ ಅಷ್ಟು ಸಾಕು. ‘ಸ್ತ್ರೀ’, ‘ರಾಷ್ಟ್ರ’ ಎಂಬ ಪದಗಳನ್ನು ಹಾಗೆ ಇಟ್ಟರೆ ಒತ್ತಕ್ಷರಗಳು ಚೂರಾಗುತ್ತವೆ. ಒತ್ತು, ಗುಣಿತಗಳನ್ನು ಸರಿಯಾಗಿ ಕೂಡಿಸುವ ಹಾರ್ಫ್‌ಬಜ್ ಎಂಬ ಉಪಕರಣವಿದೆ. ಅದೂ ತೆರೆದ ಮೂಲಪಾಠದ್ದು. ಆಟಗಳನ್ನು ಕಟ್ಟಲು ಬಳಸುವ ಗೋಡೋ ಎಂಬ ಮುಕ್ತ ತಂತ್ರಾಂಶ ೨೦೨೩ರಲ್ಲಿ ಬಂದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡಿತು. ಗೋಡೋದಲ್ಲಿ ಕಟ್ಟಿದ ಆಟವನ್ನು ವಿಂಡೋಸಿಗೂ ಲಿನಕ್ಸಿಗೂ ಒಂದೇ ಮೂಲಪಾಠದಿಂದ ಹೊರಡಿಸಬಹುದು. ನಾಳೆ ಅರಸೀಕೆರೆಯ ಹುಡುಗಿಯೊಬ್ಬಳು ಹಳೇಬೀಡಿನ ಕಥೆಯನ್ನು ಆಟವಾಗಿ ಮಾಡಿದರೆ, ಗೇಜಿನ ಜಗಳವಿಲ್ಲದೆ, ಒತ್ತು ತಪ್ಪದೆ, ಅದು ಎಲ್ಲ ಮನೆಗಳನ್ನೂ ಮುಟ್ಟಬಹುದು.

ಕೊಬ್ಬರಿ ವ್ಯಾಪಾರದವರ ಮನೆಯ ಸಂಗತಿ ಏನಾಯಿತೆಂದು ಕೇಳುವಿರಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಹೇಳಿಕೊಟ್ಟಂತೆ ಹುಡುಗ ಸ್ಟೀಮಿನಲ್ಲಿ ಪ್ರೋಟಾನನ್ನು ಆರಿಸಿಕೊಂಡ. ಮೊದಲ ಸಲ ಆಟ ಏಳಲು ಬಹಳ ಹೊತ್ತು ಹಿಡಿಯಿತು, ಆಮೇಲೆ ಓಡಿತು. ಅವನು ಮುಂದೆ ಕೊಳ್ಳಬೇಕೆಂದಿದ್ದ ಇನ್ನೊಂದು ಆಟ ಕಾವಲು ತಂತ್ರಾಂಶದ ದೆಸೆಯಿಂದ ಓಡದೆಂದು ತಿಳಿದು, ಆ ಹಣ ಡಬ್ಬಿಯಲ್ಲೇ ಉಳಿಯಿತು. ತಂದೆ ನನಗೆ ಹೇಳಿದ್ದು ಇಷ್ಟೇ: “ಯಾರೋ ಎಲ್ಲೋ ಕೂತು ಇದನ್ನು ಮಾಡಿಟ್ಟಿದ್ದಾರಲ್ಲ ಮೇಷ್ಟ್ರೇ, ನಮ್ಮ ಹುಡುಗನ ಹೆಸರೂ ಗೊತ್ತಿಲ್ಲದೆ!” ಹಳಿ ಹಾಸಿದವರಿಗೆ ಪ್ರಯಾಣಿಕರ ಹೆಸರು ಗೊತ್ತಿರುವುದಿಲ್ಲ. ಗಾಡಿ ಊರು ಮುಟ್ಟಿದರೆ ಅವರ ಕೆಲಸ ಸಾರ್ಥಕ.